ಅಮೆರಿಕದ ಗುಂಡಿನ ದಾಳಿಗಳು: ಬಂದೂಕು ಕೈಗೆ ಬಂದ ದಾರಿ

2015ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಬಂದೂಕಿನ ಅಂಗಡಿಯೊಂದಕ್ಕೆ 21 ವರ್ಷದ ಯುವಕನೊಬ್ಬ ಪಿಸ್ತೂಲು ಕೊಳ್ಳಲು ಹೋದ. ಅಂಗಡಿಯವರು ನಿಯಮದಂತೆ ಅವನ ವಿವರಗಳನ್ನು ಎಫ್‌ಬಿಐಗೆ ಕಳಿಸಿದರು. ಅವನ ಮೇಲೆ ಮಾದಕ ವಸ್ತುವಿನ ಪ್ರಕರಣವೊಂದಿತ್ತು. ಆ ಕಡತ ಸಿಕ್ಕಿದ್ದರೆ ಮಾರಾಟ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಪ್ರಕರಣ ಯಾವ ಠಾಣೆಯದು ಎಂಬ ಗೊಂದಲದಲ್ಲಿ ಎಫ್‌ಬಿಐ ಬೇರೆ ಕಡೆ ವಿಚಾರಿಸಿತು. ಮೂರು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಅಂಗಡಿಯವರು ಬಂದೂಕು ಮಾರಲು ಅಲ್ಲಿನ ಕೇಂದ್ರದ ಕಾನೂನಿನಲ್ಲಿ ಅಡ್ಡಿಯಿಲ್ಲ. ಅವರು ಮಾರಿದರು. ಜೂನ್ 17ರ ರಾತ್ರಿ ಚಾರ್ಲ್ಸ್‌ಟನ್‌ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಕೂತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಅವನು ಅದೇ ಪಿಸ್ತೂಲಿನಿಂದ ಕೊಂದ. ದಾಖಲೆ ಹುಡುಕುವಲ್ಲಿ ತಪ್ಪಾಯಿತೆಂದು ಎಫ್‌ಬಿಐ ಮುಖ್ಯಸ್ಥರಾಗಿದ್ದ ಜೇಮ್ಸ್ ಕೋಮಿ ಮರು ತಿಂಗಳೇ ಒಪ್ಪಿಕೊಂಡರು.

ಇಂಥ ದಾಳಿ ನಡೆದಾಗಲೆಲ್ಲ ಅಮೆರಿಕದ ಟಿವಿಯಲ್ಲಿ ಅವೇ ಮಾತುಗಳು ಕೇಳಿಬರುತ್ತವೆ. ಹಂತಕನ ಮನಸ್ಸು ಕೆಟ್ಟಿತ್ತು ಎಂದು ಒಬ್ಬರು, ವಿಡಿಯೊ ಗೇಮ್ ಕಾರಣ ಎಂದು ಇನ್ನೊಬ್ಬರು, ಸಂವಿಧಾನ ಕೊಟ್ಟ ಹಕ್ಕನ್ನು ಮುಟ್ಟಬೇಡಿ ಎಂದು ಮತ್ತೊಬ್ಬರು. ಇವುಗಳ ನಡುವೆ ಒಂದು ಸರಳ ಪ್ರಶ್ನೆ ಕಳೆದುಹೋಗುತ್ತದೆ: ಆ ಬಂದೂಕು ಆ ಕೈಗೆ ಬಂದದ್ದು ಯಾವ ದಾರಿಯಲ್ಲಿ? ದೊಡ್ಡ ದಾಳಿಗಳ ವಿಚಾರಣಾ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ, ಹೆಚ್ಚಿನ ಕಡೆ ಆ ದಾರಿ ಹಾಡಹಗಲಿನದು, ಕಾನೂನಿನ ಕಣ್ಣೆದುರಿನದು.

ಟೆಕ್ಸಸ್‌ನ ಸದರ್ಲೆಂಡ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನ ಚರ್ಚಿನಲ್ಲಿ 2017ರ ನವೆಂಬರ್ 5ರಂದು ಗರ್ಭದಲ್ಲಿದ್ದ ಮಗುವೂ ಸೇರಿ 26 ಜೀವಗಳು ಹೋದವು. ಹಂತಕ ಹಿಂದೆ ವಾಯುಪಡೆಯಲ್ಲಿದ್ದವನು. ಹೆಂಡತಿ ಮತ್ತು ಪುಟ್ಟ ಮಗುವಿನ ಮೇಲೆ ಹಲ್ಲೆ ಮಾಡಿದ್ದಕ್ಕೆ ಸೇನಾ ನ್ಯಾಯಾಲಯ ಅವನಿಗೆ ಶಿಕ್ಷೆ ಕೊಟ್ಟಿತ್ತು. ಅಂಥವನು ಬಂದೂಕು ಕೊಳ್ಳುವಂತೆಯೇ ಇರಲಿಲ್ಲ. ಆದರೆ ಆ ಶಿಕ್ಷೆಯ ವಿವರವನ್ನು ವಾಯುಪಡೆ ಎಫ್‌ಬಿಐಗೆ ಕಳಿಸಿರಲೇ ಇಲ್ಲ. ಹಾಗಾಗಿ ಅಂಗಡಿಯವರು ಕೇಳಿದಾಗಲೆಲ್ಲ ಕಂಪ್ಯೂಟರು ಅಡ್ಡಿಯಿಲ್ಲ ಎಂದೇ ಹೇಳಿತು. ಈ ದಾಳಿಯ ಹೊಣೆಯಲ್ಲಿ ಶೇ 60 ಪಾಲು ಸರ್ಕಾರದ್ದೇ ಎಂದು 2021ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪು ಕೊಟ್ಟರು.

ಇಂಡಿಯಾನಾಪೊಲಿಸ್‌ನ ಫೆಡೆಕ್ಸ್ ಗೋದಾಮಿನಲ್ಲಿ 2021ರ ಏಪ್ರಿಲ್ 15ರಂದು ಸತ್ತ ಎಂಟು ಮಂದಿಯಲ್ಲಿ ನಾಲ್ವರು ಸಿಖ್ಖರು. ಅದಕ್ಕೆ ಒಂದು ವರ್ಷ ಮೊದಲೇ ಹಂತಕನ ತಾಯಿ ಮಗನ ಬಗ್ಗೆ ಹೆದರಿ ಪೊಲೀಸರಿಗೆ ತಿಳಿಸಿದ್ದರು, ಪೊಲೀಸರು ಮನೆಗೆ ಬಂದು ಅವನ ಬಂದೂಕನ್ನು ವಶಪಡಿಸಿಕೊಂಡೂ ಹೋಗಿದ್ದರು. ಅಪಾಯಕಾರಿ ಎಂದು ಕಂಡವರಿಂದ ನ್ಯಾಯಾಲಯದ ಮೂಲಕ ಬಂದೂಕು ದೂರವಿಡುವ ‘ರೆಡ್ ಫ್ಲ್ಯಾಗ್’ ಕಾನೂನು ಇಂಡಿಯಾನಾದಲ್ಲಿ 2005ರಿಂದಲೇ ಇದೆ. ಆದರೆ ಸರ್ಕಾರಿ ವಕೀಲರು ಆ ಅರ್ಜಿಯನ್ನು ನ್ಯಾಯಾಲಯಕ್ಕೆ ಹಾಕಲಿಲ್ಲ. ವಶವಾದ ಬಂದೂಕು ಹೇಗೂ ಮರಳಿ ಹೋಗುವುದಿಲ್ಲ, ವಿಚಾರಣೆಯಲ್ಲಿ ಸೋತರೆ ಅದನ್ನೂ ವಾಪಸ್ ಕೊಡಬೇಕಾದೀತು ಎಂಬುದು ಅವರ ಲೆಕ್ಕಾಚಾರ. ಅವನ ಹೊಸ ಖರೀದಿಗೆ ತಡೆಯೇ ಬೀಳಲಿಲ್ಲ. ಕೆಲವೇ ತಿಂಗಳಲ್ಲಿ ಅವನು ಎರಡು ರೈಫಲ್‌ಗಳನ್ನು ಕಾನೂನಿನ ಪ್ರಕಾರವೇ ಕೊಂಡ.

ಟೆಕ್ಸಸ್‌ನ ಯುವಾಲ್ಡಿ ಶಾಲೆಯ ದಾಳಿಯಲ್ಲಿ ಇಷ್ಟು ಸುತ್ತಿನ ದಾರಿಯೂ ಇಲ್ಲ. ಹುಡುಗನಿಗೆ ಹದಿನೆಂಟು ತುಂಬಿದ್ದೇ ತಡ, ಆ ವಾರದೊಳಗೆ ಎರಡು ರೈಫಲ್ ಕೊಂಡ. ಟೆಕ್ಸಸ್‌ನಲ್ಲಿ ಬಿಯರ್ ಕೊಳ್ಳಲು, ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು. ರೈಫಲ್‌ಗೆ 18 ಸಾಕು. 2022ರ ಮೇ 24ರಂದು 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು.

ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರ್ 14ರಂದು 20 ಪುಟ್ಟ ಮಕ್ಕಳನ್ನೂ ಆರು ಮಂದಿ ಶಾಲಾ ಸಿಬ್ಬಂದಿಯನ್ನೂ ಕೊಂದ ರೈಫಲ್ ಹಂತಕನ ತಾಯಿಯದು, ಕಾನೂನುಬದ್ಧವಾಗಿ ಕೊಂಡದ್ದು. ಅವರೂ ಮಗನ ಕೈಯಲ್ಲೇ ಸತ್ತರು. ಮಿಷಿಗನ್‌ನ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 2021ರಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದವನಿಗೆ 15 ವರ್ಷ. ಪಿಸ್ತೂಲನ್ನು ತಂದೆ ನಾಲ್ಕು ದಿನ ಮುಂಚೆ ತಂದಿದ್ದ. ದಾಳಿಯ ದಿನ ಬೆಳಿಗ್ಗೆ ಹುಡುಗ ಬಿಡಿಸಿದ ರಕ್ತದ ಚಿತ್ರ ಕಂಡು ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿದರು. ಮನೆಯಲ್ಲಿ ಬಂದೂಕಿದೆ ಎಂದು ಇಬ್ಬರೂ ಬಾಯಿಬಿಡಲಿಲ್ಲ, ಮಗನನ್ನು ಮನೆಗೂ ಕರೆದೊಯ್ಯಲಿಲ್ಲ. ಅವನು ತರಗತಿಗೆ ಮರಳಿದ. 2024ರಲ್ಲಿ ತಂದೆ ತಾಯಿ ಇಬ್ಬರಿಗೂ ಕನಿಷ್ಠ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಮಗ ಶಾಲೆಯಲ್ಲಿ ನಡೆಸಿದ ಸಾಮೂಹಿಕ ಹತ್ಯೆಗೆ ಹೆತ್ತವರೇ ನರಹತ್ಯೆಯ ಅಪರಾಧಿಗಳೆಂದು ಅಮೆರಿಕದ ತೀರ್ಪುಗಾರರ ಮಂಡಳಿ ಹೇಳಿದ್ದು ಅದೇ ಮೊದಲು. ಸಾಲದು ಅನ್ನಿಸಿದರೂ ಇದು ದೊಡ್ಡ ತಿರುವು ಎಂದೇ ನನಗೆ ಕಾಣುತ್ತದೆ. ಬಂದೂಕು ಇಟ್ಟುಕೊಳ್ಳುವ ಹಕ್ಕಿನ ಜೊತೆಗೆ ಅದನ್ನು ಬೀಗ ಹಾಕಿಡುವ ಹೊಣೆಯೂ ಇದೆ ಎಂದು ಒಂದು ನ್ಯಾಯಾಲಯ ಬಾಯಿಬಿಟ್ಟು ಹೇಳಿತು.

ಹಾಗಾದರೆ ಈ ಕಂಡಿಗಳನ್ನು ಮುಚ್ಚುವುದಕ್ಕೆ ಏನು ಅಡ್ಡಿ?

ಮೊದಲಿಗೆ, ಯಾರ ಬಳಿ ಎಷ್ಟು ಬಂದೂಕಿದೆ ಎಂಬುದೇ ಅಮೆರಿಕದ ಸರ್ಕಾರಕ್ಕೆ ತಿಳಿಯದು. ಸ್ವಿಟ್ಜರ್‌ಲೆಂಡಿನ ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಅಂದಾಜು ಮಾಡಿದಂತೆ ಅಮೆರಿಕದ ನಾಗರಿಕರ ಕೈಯಲ್ಲಿ ಸುಮಾರು 39.3 ಕೋಟಿ ಬಂದೂಕುಗಳಿವೆ, ಅಂದರೆ ನೂರು ಜನಕ್ಕೆ ನೂರಿಪ್ಪತ್ತು. ಇಡೀ ಲೋಕದ ನಾಗರಿಕರ ಬಂದೂಕುಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು ಅಲ್ಲೇ ಇದೆ. ಅಂದಾಜು ಅನ್ನಲು ಕಾರಣವಿದೆ: ಬಂದೂಕು ಮಾಲೀಕರ ರಾಷ್ಟ್ರೀಯ ನೋಂದಣಿ ಪುಸ್ತಕ ಇಡಕೂಡದೆಂದು 1986ರ ಕಾನೂನು ಕೇಂದ್ರ ಸರ್ಕಾರಕ್ಕೆ ಕಟ್ಟಪ್ಪಣೆ ಮಾಡಿದೆ. ಚುನಾವಣೆ ಘೋಷಣೆಯಾದರೆ ಪರವಾನಗಿಯ ಬಂದೂಕನ್ನು ಠಾಣೆಗೆ ಒಪ್ಪಿಸುವುದನ್ನು ಕಂಡಿರುವ ನಮಗೆ ಇದು ನಂಬಲು ಕಷ್ಟ. ಕೊಲೆಯ ಸ್ಥಳದಲ್ಲಿ ಬಂದೂಕು ಸಿಕ್ಕರೆ ಪೊಲೀಸರು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಕೇಂದ್ರವೊಂದಕ್ಕೆ ಬರೆಯುತ್ತಾರೆ. ಅಲ್ಲಿನ ನೌಕರರು ತಯಾರಕ ಕಂಪನಿಗೆ ಫೋನ್ ಮಾಡಿ, ಅಲ್ಲಿಂದ ಸಗಟು ವ್ಯಾಪಾರಿಯನ್ನು, ಅಲ್ಲಿಂದ ಅಂಗಡಿಯನ್ನು ಪತ್ತೆ ಮಾಡಿ, ಮೊದಲು ಕೊಂಡವರು ಯಾರು ಎಂದು ಕೇಳುತ್ತಾರೆ. ಮುಚ್ಚಿಹೋದ ಅಂಗಡಿಗಳ ಲೆಕ್ಕದ ಪುಸ್ತಕಗಳು ಡಬ್ಬಗಟ್ಟಲೆ ಆ ಕೇಂದ್ರಕ್ಕೆ ಬರುತ್ತವೆ. ಅವನ್ನು ಸ್ಕ್ಯಾನ್ ಮಾಡಬಹುದು. ಆದರೆ ಕೊಂಡವರ ಹೆಸರು ಬೆರಳಚ್ಚಿಸಿ ಹುಡುಕುವಂತೆ ಜೋಡಿಸುವ ಹಾಗಿಲ್ಲ. ಮನುಷ್ಯರು ಕೂತು ಪುಟ ಪುಟ ನೋಡಬೇಕು. ಇನ್ನು, ಪರವಾನಗಿಯ ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನ ಬಂದೂಕನ್ನು ಅದೇ ರಾಜ್ಯದ ಇನ್ನೊಬ್ಬರಿಗೆ ಮಾರಿದರೆ, ಕೇಂದ್ರದ ಕಾನೂನಿನಡಿ ಕೊಳ್ಳುವವರ ಹಿನ್ನೆಲೆ ವಿಚಾರಿಸಬೇಕಾಗಿಯೇ ಇಲ್ಲ. ಕೆಲವು ರಾಜ್ಯಗಳು ಮಾತ್ರ ತಮ್ಮದೇ ಕಾನೂನು ತಂದು ಈ ಕಂಡಿ ಮುಚ್ಚಿಕೊಂಡಿವೆ.

ಎರಡನೆಯ ಅಡ್ಡಿ ಸಂವಿಧಾನದ ಎರಡನೇ ತಿದ್ದುಪಡಿ. 1791ರಲ್ಲಿ ಸೇರಿದ ಆ ಒಂದೇ ವಾಕ್ಯದ ಮೊದಲ ಅರ್ಧ ಶಿಸ್ತಿನ ನಾಗರಿಕ ಪಡೆಯ ಬಗ್ಗೆ, ಎರಡನೇ ಅರ್ಧ ಜನರು ಆಯುಧ ಹೊಂದುವ ಹಕ್ಕಿನ ಬಗ್ಗೆ ಹೇಳುತ್ತದೆ. ಇಪ್ಪತ್ತನೇ ಶತಮಾನದ ಬಹುಕಾಲ ನ್ಯಾಯಾಲಯಗಳು ಮೊದಲ ಅರ್ಧಕ್ಕೆ ತೂಕ ಕೊಟ್ಟವು. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ, ಇದು ಪ್ರತಿ ವ್ಯಕ್ತಿಯ ಸ್ವಂತ ಹಕ್ಕು ಎಂದಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ, ಈ ಹಕ್ಕಿಗೂ ಮಿತಿಯುಂಟು, ಅಪರಾಧಿಗಳಿಗೆ ಬಂದೂಕು ನಿರಾಕರಿಸುವಂಥ ಕಾನೂನುಗಳಿಗೆ ಧಕ್ಕೆಯಿಲ್ಲ ಎಂದೂ ಬರೆದಿದ್ದರು. ಈ ಭಾಗವನ್ನು ಎರಡೂ ಕಡೆಯವರು ಬೇಗ ಮರೆಯುತ್ತಾರೆ.

ನಿಜವಾದ ತೊಡಕು ಶುರುವಾದದ್ದು 2022ರ ಜೂನ್ 23ರಂದು. ಅಂದು ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಸ ಅಳತೆಗೋಲು ತಂದಿತು: ಬಂದೂಕಿನ ಮೇಲಿನ ಯಾವ ನಿರ್ಬಂಧವೇ ಆಗಲಿ, ದೇಶದ ಐತಿಹಾಸಿಕ ಪರಂಪರೆಗೆ ಹೊಂದುತ್ತದೆ ಎಂದು ಸರ್ಕಾರ ತೋರಿಸಬೇಕು. ಸಾರ್ವಜನಿಕ ಸುರಕ್ಷತೆಗೆ ಅದರಿಂದ ಎಷ್ಟು ಲಾಭ ಎಂಬ ಲೆಕ್ಕ ಬೇಕಿಲ್ಲ. ಅಂದರೆ, ಗುಂಡು ಹಾರಿಸಿದ ಮೇಲೆ ನಿಂತು ಮತ್ತೆ ಮದ್ದು ತುಂಬಬೇಕಾಗಿದ್ದ ಕಾಲದ ಕಾನೂನುಗಳಲ್ಲಿ, ನಿಮಿಷದಲ್ಲಿ ಹತ್ತಾರು ಗುಂಡು ಹಾರಿಸುವ ರೈಫಲ್‌ಗೆ ಸಮಾನವಾದ ಉದಾಹರಣೆ ಹುಡುಕಬೇಕು. ಕೆಳ ನ್ಯಾಯಾಲಯಗಳು ದಿಕ್ಕೆಟ್ಟವು. ಸಂಗಾತಿಗೆ ಹಿಂಸೆ ಕೊಟ್ಟು ನ್ಯಾಯಾಲಯದ ತಡೆಯಾಜ್ಞೆಗೆ ಒಳಗಾದವನ ಕೈಗೂ ಬಂದೂಕು ನಿರಾಕರಿಸುವಂತಿಲ್ಲ, ಹದಿನೆಂಟನೇ ಶತಮಾನದಲ್ಲಿ ಅಂಥ ಕಾನೂನು ಇರಲಿಲ್ಲ ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಹೇಳಿಬಿಟ್ಟಿತು. ಹೆಂಡತಿಯನ್ನು ಹೊಡೆಯುವುದೇ ಅಪರಾಧವಲ್ಲವೆಂದು ಎಣಿಸಿದ್ದ ಕಾಲದಲ್ಲಿ ಅಂಥ ಕಾನೂನು ಎಲ್ಲಿಂದ ಬರಬೇಕು? 2024ರ ಜೂನ್‌ನಲ್ಲಿ ರಹಿಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಎಂಟಕ್ಕೆ ಒಂದರಂತೆ ಅದನ್ನು ತಿದ್ದಬೇಕಾಯಿತು. ಅದೇ ತಿಂಗಳು ಬಂದ ಇನ್ನೊಂದು ತೀರ್ಪು ಬೇರೆ ದಿಕ್ಕಿನದು. 2017ರಲ್ಲಿ ಲಾಸ್ ವೇಗಸ್‌ನ ಹೋಟೆಲ್ ಕೋಣೆಯಿಂದ ಸಂಗೀತ ಕಾರ್ಯಕ್ರಮದ ಮೇಲೆ ಗುಂಡಿನ ಮಳೆಗರೆದು 60 ಜನರ ಸಾವಿಗೆ ಕಾರಣನಾದವನು ‘ಬಂಪ್ ಸ್ಟಾಕ್’ ಎಂಬ ಸಾಧನ ಬಳಸಿದ್ದ. ಸಾಧಾರಣ ರೈಫಲ್ ಅದರಿಂದ ಮಷಿನ್‌ಗನ್ನಿನ ವೇಗಕ್ಕೆ ಹತ್ತಿರ ಬರುತ್ತದೆ. ಅದನ್ನು ನಿಷೇಧಿಸಿದ್ದು ಟ್ರಂಪ್ ಸರ್ಕಾರ. ನಿಷೇಧಿಸುವ ಅಧಿಕಾರ ಬಂದೂಕುಗಳ ಮೇಲ್ವಿಚಾರಣೆ ನಡೆಸುವ ಕೇಂದ್ರದ ಇಲಾಖೆಗೆ ಇರಲಿಲ್ಲ ಎಂದು ಕೋರ್ಟ್ ಅದನ್ನು ರದ್ದು ಮಾಡಿತು.

ಮೂರನೆಯದು ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್. ಸ್ಯಾಂಡಿ ಹುಕ್ ನಡೆದ ನಾಲ್ಕು ತಿಂಗಳಿಗೆ, ಬಂದೂಕು ಮೇಳ ಮತ್ತು ಅಂತರ್ಜಾಲದ ಮಾರಾಟಗಳಿಗೂ ಹಿನ್ನೆಲೆ ಪರಿಶೀಲನೆ ತರುವ ಮಸೂದೆ ಬಂತು. ಅದನ್ನು ಬರೆದ ಜೋ ಮ್ಯಾಂಚಿನ್ ಮತ್ತು ಪ್ಯಾಟ್ ಟೂಮಿ ಇಬ್ಬರೂ ಬಂದೂಕು ಪರವೆಂದೇ ಹೆಸರಾದವರು, ಒಬ್ಬ ಡೆಮಾಕ್ರಟ್, ಇನ್ನೊಬ್ಬ ರಿಪಬ್ಲಿಕನ್. 54 ಮಂದಿ ಪರ, 46 ಮಂದಿ ವಿರುದ್ಧ. ಮಸೂದೆ ಬಿದ್ದುಹೋಯಿತು, ಏಕೆಂದರೆ ಸೆನೆಟ್‌ನ ನಿಯಮದಲ್ಲಿ ಮುಂದೆ ಸಾಗಲು 60 ಮತ ಬೇಕು. ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಆರು ಲಕ್ಷ ಮುಟ್ಟದ ವಯೋಮಿಂಗ್‌ಗೂ ತಲಾ ಎರಡೇ ಸೆನೆಟ್ ಸ್ಥಾನ. ಎಲ್ಲರಿಗೂ ಹಿನ್ನೆಲೆ ಪರಿಶೀಲನೆ ಇರಲಿ ಎಂಬುದಕ್ಕೆ ಸಮೀಕ್ಷೆಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಅಮೆರಿಕನ್ನರು ಒಪ್ಪುತ್ತಾರೆ, ಬಂದೂಕು ಇರುವವರಲ್ಲೂ ಹೆಚ್ಚಿನವರು ಒಪ್ಪುತ್ತಾರೆ. ಆ ಒಪ್ಪಿಗೆ ಕಾನೂನಾಗಿ ಇಳಿಯುವುದಿಲ್ಲ.

ಇದಕ್ಕೆಲ್ಲ ಎನ್‌ಆರ್‌ಎ, ಅಂದರೆ ಬಂದೂಕಿನ ಹಕ್ಕಿನ ಪರ ಒತ್ತಡ ತರುವ ರಾಷ್ಟ್ರೀಯ ರೈಫಲ್ ಸಂಘದ ದುಡ್ಡೇ ಕಾರಣ ಎಂದು ನಮ್ಮ ಪತ್ರಿಕೆಗಳಲ್ಲೂ ಆಗಾಗ ಬರುತ್ತದೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ದಶಕಗಳ ಕಾಲ ಆ ಸಂಘವನ್ನು ನಡೆಸಿದ ವೇಯ್ನ್ ಲಾಪಿಯರ್ 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು, ಮರುತಿಂಗಳು ನ್ಯೂಯಾರ್ಕ್‌ನ ತೀರ್ಪುಗಾರರು ಸಂಘದ ಹಣ ದುರ್ಬಳಕೆಯಾದದ್ದಕ್ಕೆ ಅವರನ್ನು ಹೊಣೆ ಮಾಡಿದರು. ಸಂಘ ಸೊರಗಿತು, ಆದರೆ ಸೆನೆಟ್‌ನ ಲೆಕ್ಕ ಹಾಗೇ ಉಳಿಯಿತು. ಬಂದೂಕಿನ ಹಕ್ಕೊಂದನ್ನೇ ನೋಡಿ ಮತ ಹಾಕುವವರು ಪ್ರತಿ ಚುನಾವಣೆಯಲ್ಲೂ ಮತಗಟ್ಟೆಗೆ ಬರುತ್ತಾರೆ. ನಿಯಂತ್ರಣ ಬೇಕೆನ್ನುವವರು ಸಂಖ್ಯೆಯಲ್ಲಿ ಹೆಚ್ಚಿದ್ದರೂ ಅದೊಂದನ್ನೇ ನೋಡಿ ಮತ ಹಾಕುವುದಿಲ್ಲ. ರಾಜಕಾರಣಿಗಳಿಗೆ ಇದು ಚೆನ್ನಾಗಿ ಗೊತ್ತು.

ಬಂದೂಕು ಇಟ್ಟುಕೊಂಡವರ ವಾದವನ್ನೂ ಅವರ ಜಾಗದಲ್ಲಿ ನಿಂತು ಕೇಳಬೇಕು. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ 32 ಮಂದಿಯ ಬಳಿ ಬಂದೂಕಿದೆ. ಅವರಲ್ಲಿ ಶೇ 72 ಮಂದಿ ಆತ್ಮರಕ್ಷಣೆಯೇ ಮುಖ್ಯ ಕಾರಣಗಳಲ್ಲೊಂದು ಎನ್ನುತ್ತಾರೆ. ಪೊಲೀಸ್ ಠಾಣೆ ಹತ್ತಾರು ಮೈಲಿ ದೂರವಿರುವ ಹೊಲದ ಮನೆಯಲ್ಲಿ ಈ ಮಾತಿಗೆ ಅರ್ಥವಿದೆ. ತಡೆಯಾಜ್ಞೆ ಇದ್ದರೂ ಪೊಲೀಸರು ಬಂದು ಕಾಪಾಡಲೇಬೇಕೆಂದು ಕೇಳುವ ಸಾಂವಿಧಾನಿಕ ಹಕ್ಕು ನಾಗರಿಕರಿಗಿಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಪ್ಪು ಜನರಿಗಂತೂ ಬಂದೂಕು ನಿಯಂತ್ರಣದ ಚರಿತ್ರೆ ಕಹಿ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಂದೂಕು ಹಿಡಿದು ಪೊಲೀಸರ ಮೇಲೆ ಕಣ್ಣಿಡತೊಡಗಿದಾಗ, ತುಂಬಿದ ಬಂದೂಕನ್ನು ಬೀದಿಯಲ್ಲಿ ಹಿಡಿದು ಓಡಾಡುವುದನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. ಸದರ್ಲೆಂಡ್ ಸ್ಪ್ರಿಂಗ್ಸ್‌ನಲ್ಲೂ ಹಂತಕನಿಗೆ ಗುಂಡಿಟ್ಟು ಓಡಿಸಿದ್ದು ತನ್ನ ರೈಫಲ್ ಹಿಡಿದು ಬರಿಗಾಲಲ್ಲಿ ಓಡಿಬಂದ ಪಕ್ಕದ ಮನೆಯಾತ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಆದರೆ ಕೆಟ್ಟವನ ಕೈಯ ಬಂದೂಕನ್ನು ತಡೆಯುವುದು ಒಳ್ಳೆಯವನ ಕೈಯ ಬಂದೂಕು ಮಾತ್ರ ಎಂದು ಲಾಪಿಯರ್ ಸ್ಯಾಂಡಿ ಹುಕ್ ನಡೆದ ಒಂದೇ ವಾರಕ್ಕೆ ಹೇಳಿದ ಮಾತಿಗೆ ಯುವಾಲ್ಡಿಯೇ ಉತ್ತರ. ಅಲ್ಲಿ ಸೇರಿದ ಪೊಲೀಸರು, ಅಧಿಕಾರಿಗಳು 376 ಮಂದಿ. ಒಳಗಿದ್ದ ಮಕ್ಕಳು ಫೋನ್ ಮಾಡಿ ಸಹಾಯಕ್ಕಾಗಿ ಅಂಗಲಾಚುತ್ತಿದ್ದರು. ಒಬ್ಬ ಹುಡುಗನ ಕೈಯ ರೈಫಲ್ಲಿಗೆ ಹೆದರಿ ಅಷ್ಟು ಜನ 77 ನಿಮಿಷ ತರಗತಿಯ ಹೊರಗೆ ನಿಂತರು. ಮಾನಸಿಕ ಕಾಯಿಲೆಯೇ ಕಾರಣ ಎಂಬ ವಾದವೂ ನಿಲ್ಲದು. ಖಿನ್ನತೆ, ಒಂಟಿತನ, ಸಿಟ್ಟು ಎಲ್ಲ ದೇಶಗಳಲ್ಲೂ ಇವೆ. ಆ ಸಿಟ್ಟಿಗೆ ಅಂಗಡಿಯಲ್ಲಿ ಹಗಲಿಗೇ ರೈಫಲ್ ಸಿಗುವುದು ಅಮೆರಿಕದಲ್ಲಿ.

ಇಷ್ಟೆಲ್ಲ ದಾಳಿಗಳ ಬಗ್ಗೆ ಬರೆದ ಮೇಲೆ, ಅವೇ ಮುಖ್ಯ ಸಮಸ್ಯೆಯಲ್ಲ ಎಂದೂ ಬರೆಯಬೇಕಾಗಿದೆ. 2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 46,728. ಅವರಲ್ಲಿ ಸುಮಾರು 27,300 ಮಂದಿಯದು ಆತ್ಮಹತ್ಯೆ, ಸುಮಾರು 17,900 ಮಂದಿಯದು ಕೊಲೆ. ನಾಲ್ವರಿಗೆ ಗುಂಡು ತಗುಲಿದರೆ ಸಾಮೂಹಿಕ ದಾಳಿ ಎಂದು ಎಣಿಸುವವರಿದ್ದಾರೆ, ಮೂವರು ಅಥವಾ ನಾಲ್ವರು ಸತ್ತರೆ ಮಾತ್ರ ಎಣಿಸುವವರೂ ಇದ್ದಾರೆ. ಹೇಗೆ ಎಣಿಸಿದರೂ ಒಟ್ಟು ಸಾವಿನಲ್ಲಿ ಇವುಗಳ ಪಾಲು ಚಿಕ್ಕದು. ಟಿವಿಯಲ್ಲಿ ಕಾಣುವ ರೈಫಲ್‌ಗಿಂತ ಮೇಜಿನ ಡ್ರಾಯರಿನ ಪಿಸ್ತೂಲು ಎಷ್ಟೋ ಪಟ್ಟು ಹೆಚ್ಚು ಜನರನ್ನು ಕೊಲ್ಲುತ್ತದೆ. ಆತ್ಮಹತ್ಯೆಯ ಯೋಚನೆ ಎಷ್ಟೋ ಸಲ ಗಳಿಗೆಯದು. ಬೇರೆ ದಾರಿಗಳಲ್ಲಿ ಯತ್ನಿಸಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ಬಂದೂಕು ಹಿಡಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಉಳಿಯುವುದಿಲ್ಲ. 2020ರಿಂದ ಅಮೆರಿಕದ ಮಕ್ಕಳ, ಹದಿಹರೆಯದವರ ಸಾವಿಗೆ ಮೊದಲ ಕಾರಣವೇ ಬಂದೂಕು, ರಸ್ತೆ ಅಪಘಾತವನ್ನೂ ಅದು ಹಿಂದಿಕ್ಕಿದೆ.

ಇದನ್ನು ಆರೋಗ್ಯದ ಪ್ರಶ್ನೆಯಾಗಿ ನೋಡಿ ಎಂದು ಹೇಳಿದವರಲ್ಲಿ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಪ್ರಮುಖರು. ಆಗಿನ ಅಧ್ಯಕ್ಷ ಒಬಾಮ 2013ರ ನವೆಂಬರ್‌ನಲ್ಲಿ ಮೂರ್ತಿಯವರನ್ನು ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಮುಖ್ಯ ವೈದ್ಯರ ಹುದ್ದೆಗೆ ಹೆಸರಿಸಿದರು. ಬಂದೂಕು ಆರೋಗ್ಯದ ವಿಷಯ ಎಂದು ಹಿಂದೆ ಟ್ವಿಟರಿನಲ್ಲಿ ಬರೆದಿದ್ದರೆಂಬುದನ್ನು ಹಿಡಿದು ಎನ್‌ಆರ್‌ಎ ವಿರೋಧಿಸಿತು, ಬಂದೂಕು ಹೆಚ್ಚಿರುವ ರಾಜ್ಯಗಳ ಡೆಮಾಕ್ರಟ್ ಸೆನೆಟರ್‌ಗಳೂ ಹಿಂಜರಿದರು. ಒಂದು ವರ್ಷಕ್ಕೂ ಹೆಚ್ಚು ಕಾದು ಅವರು 51-43ರಲ್ಲಿ ಪಾರಾದರು. ಆ ಹುದ್ದೆಗೆ ಎರಡನೇ ಸಲ ಬಂದ ಮೇಲೆ, 2024ರ ಜೂನ್‌ನಲ್ಲಿ, ಬಂದೂಕು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಸಾರಿದರು. ಸರ್ಜನ್ ಜನರಲ್ ಒಬ್ಬರು ಈ ವಿಷಯದಲ್ಲಿ ಇಂಥ ಸಲಹಾ ವರದಿ ಹೊರಡಿಸಿದ್ದು ಅದೇ ಮೊದಲು. 2025ರಲ್ಲಿ ಟ್ರಂಪ್ ಸರ್ಕಾರ ಬಂದ ಮೇಲೆ ಆ ವರದಿಯ ಪುಟ ಆರೋಗ್ಯ ಇಲಾಖೆಯ ಜಾಲತಾಣದಿಂದ ಮಾಯವಾಯಿತು. ವರದಿಯನ್ನೇ ತೆಗೆದುಹಾಕುವುದು ಹಳೆಯ ಚಾಳಿಯ ಮುಂದುವರಿಕೆ. 1996ರಲ್ಲಿ ರೋಗ ನಿಯಂತ್ರಣ ಕೇಂದ್ರದ ಬಜೆಟ್ಟಿನಿಂದ ಬಂದೂಕು ಸಂಶೋಧನೆಯ 26 ಲಕ್ಷ ಡಾಲರ್ ಕಿತ್ತುಕೊಂಡಿದ್ದರು. ಮತ್ತೆ ಅದಕ್ಕೆಂದೇ ಹಣ ಇಟ್ಟದ್ದು 2019ರ ಕೊನೆಗೆ. ಯಾವ ಕಾನೂನು ಜೀವ ಉಳಿಸುತ್ತದೆ ಎಂದು ಖಚಿತವಾಗಿ ಹೇಳಬಹುದಾಗಿದ್ದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅಧ್ಯಯನ ಹೀಗೆ ಹಾಳಾಯಿತು.

ಆಸ್ಟ್ರೇಲಿಯಾದಂತೆ ಮಾಡಿ ಎಂಬ ಸಲಹೆ ಅಮೆರಿಕಕ್ಕೆ ಕೆಲಸಕ್ಕೆ ಬಾರದು. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಸತ್ತ ಮೇಲೆ ಆ ದೇಶ ಹಣ ಕೊಟ್ಟು ಹಿಂಪಡೆದ ಬಂದೂಕುಗಳು ಸುಮಾರು ಆರೂವರೆ ಲಕ್ಷ. 39 ಕೋಟಿಯನ್ನು ಯಾವ ಸರ್ಕಾರವೂ ಹಿಂಪಡೆಯಲಾರದು, ನ್ಯಾಯಾಲಯ ಬಿಡುವುದೂ ಇಲ್ಲ. ಉಳಿದಿರುವುದು ಅಪಾಯದ ಗಳಿಗೆಯಲ್ಲಿ ಬಂದೂಕು ಮತ್ತು ಕೈಯ ನಡುವೆ ಸ್ವಲ್ಪ ಅಂತರ ತರುವ ಕೆಲಸ. ಕನೆಕ್ಟಿಕಟ್ 1995ರಲ್ಲಿ ಪಿಸ್ತೂಲು ಕೊಳ್ಳುವ ಮೊದಲು ಅನುಮತಿ ಪತ್ರ ಪಡೆಯಬೇಕೆಂದಿತು. ಮಿಸೌರಿ ಅಂಥದೇ ನಿಯಮವನ್ನು 2007ರಲ್ಲಿ ಕಿತ್ತುಹಾಕಿತು. ಮೊದಲನೆಯ ಕಡೆ ಬಂದೂಕಿನ ಕೊಲೆಗಳು ಇಳಿದದ್ದನ್ನೂ ಎರಡನೆಯ ಕಡೆ ಏರಿದ್ದನ್ನೂ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಅಧ್ಯಯನಗಳು ಗುರುತಿಸಿವೆ. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸತ್ತ ಮರುತಿಂಗಳು, 2018ರಲ್ಲಿ, ರಿಪಬ್ಲಿಕನ್ನರ ಕೈಯಲ್ಲಿದ್ದ ಫ್ಲಾರಿಡಾವೇ ರೆಡ್ ಫ್ಲ್ಯಾಗ್ ಕಾನೂನು ತಂದು ಎಲ್ಲ ಬಂದೂಕುಗಳ ಖರೀದಿ ವಯಸ್ಸನ್ನು 21ಕ್ಕೆ ಏರಿಸಿತು. ಇನ್ನು ಬ್ರೂಯೆನ್ ತೀರ್ಪು ಬಂದ ಅದೇ ಜೂನ್ 23ರಂದು, ಯುವಾಲ್ಡಿಯ ನೋವಿನಲ್ಲಿ, ಸೆನೆಟ್ 65-33ರಿಂದ ಒಂದು ಮಸೂದೆಗೆ ಒಪ್ಪಿತು. 15 ರಿಪಬ್ಲಿಕನ್ನರೂ ಕೈ ಎತ್ತಿದರು. 21 ತುಂಬದವರ ಪರಿಶೀಲನೆಗೆ ಹತ್ತು ಕೆಲಸದ ದಿನಗಳವರೆಗೆ ಸಮಯ, ರೆಡ್ ಫ್ಲ್ಯಾಗ್ ನಡೆಸಲು ರಾಜ್ಯಗಳಿಗೆ ಹಣ. ಸುಮಾರು ಮೂವತ್ತು ವರ್ಷಗಳಲ್ಲಿ ಕೇಂದ್ರ ತಂದ ಮೊದಲ ಮಹತ್ವದ ಕಾನೂನು ಅದು. ಇನ್ನೊಂದು ಕಡೆ, ಯಾವ ಪರವಾನಗಿಯೂ ಇಲ್ಲದೆ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ತಿರುಗಬಹುದೆಂದ ರಾಜ್ಯಗಳು 2024ರ ಹೊತ್ತಿಗೆ 29 ಆದವು.

ಅಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಇದು ದೂರದ ಸುದ್ದಿಯಲ್ಲ. ಬಾಗಿಲು ಭದ್ರಪಡಿಸಿ, ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಅಭ್ಯಾಸವನ್ನು ಅವರ ಐದು ವರ್ಷದ ಮಕ್ಕಳೂ ಶಾಲೆಯಲ್ಲಿ ಮಾಡುತ್ತಾರೆ. ಮಗು ಆಟಕ್ಕೆ ಹೋಗುವ ಮನೆಯಲ್ಲಿ ಬಂದೂಕಿದೆಯೇ, ಇದ್ದರೆ ಗುಂಡು ತೆಗೆದು ಬೀಗ ಹಾಕಿಟ್ಟಿದ್ದೀರಾ ಎಂದು ಕೇಳಿ ಎಂಬುದು ಅಲ್ಲಿನ ಮಕ್ಕಳ ವೈದ್ಯರ ಸಲಹೆ. ಮುಜುಗರವಾದರೂ ಕೇಳಿ. ಶಾಲೆಗಳಲ್ಲಿ ಗುಂಡು ಹಾರಿಸಿದ ಮಕ್ಕಳಿಗೆ ಬಂದೂಕು ಸಿಕ್ಕಿದ್ದು ಹೆಚ್ಚಾಗಿ ತಮ್ಮ ಅಥವಾ ನೆಂಟರ ಮನೆಯಲ್ಲೇ.

ಮೇನ್ ರಾಜ್ಯದಲ್ಲಿ ಬೇಟೆ ತಲೆಮಾರುಗಳ ರೂಢಿ. 2023ರ ಅಕ್ಟೋಬರ್ 25ರಂದು ಅಲ್ಲಿನ ಲ್ಯೂಯಿಸ್ಟನ್ ಊರಿನಲ್ಲಿ ಸೇನೆಯ ಮೀಸಲು ಪಡೆಯವನೊಬ್ಬ 18 ಮಂದಿಯನ್ನು ಕೊಂದ. ಅವನಿಗೆ ಭ್ರಮೆಗಳು ಕಾಡುತ್ತಿವೆ, ಮನೆಯಲ್ಲಿ ಬಂದೂಕುಗಳಿವೆ ಎಂದು ಮನೆಯವರೂ ಜೊತೆಯ ಸೈನಿಕರೂ ತಿಂಗಳುಗಳ ಮೊದಲೇ ಎಚ್ಚರಿಸಿದ್ದರು. ಆದರೆ ಮೇನ್‌ನ ಕಾನೂನಿನಲ್ಲಿ ಮನೆಯವರು ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿರಲಿಲ್ಲ. ಪೊಲೀಸರು ಅವನನ್ನು ವಶಕ್ಕೆ ಪಡೆದು, ವೈದ್ಯಕೀಯ ತಪಾಸಣೆ ಮಾಡಿಸಿ, ಆಮೇಲೆ ನ್ಯಾಯಾಧೀಶರ ಮುಂದೆ ಹೋಗಬೇಕಿತ್ತು. ಆ ಮೊದಲ ಹೆಜ್ಜೆಗೆ ಸಾಕಷ್ಟು ಕಾರಣವಿದ್ದರೂ ಪೊಲೀಸರು ಮುಂದಾಗಲಿಲ್ಲವೆಂದು ತನಿಖಾ ಆಯೋಗ ಹೇಳಿತು. 2025ರ ನವೆಂಬರ್‌ನಲ್ಲಿ, ಕುಟುಂಬದವರೇ ನ್ಯಾಯಾಲಯದ ಬಾಗಿಲು ತಟ್ಟಲು ಬಿಡುವ ಕಾನೂನು ಬೇಕೇ ಎಂಬ ಪ್ರಶ್ನೆ ಮತಪತ್ರದಲ್ಲೇ ಬಂತು. ಡೆಮಾಕ್ರಟ್ ಗವರ್ನರ್ ಜಾನೆಟ್ ಮಿಲ್ಸ್ ಬೇಡವೆಂದರು, ಬೇಟೆಗಾರರ ಸಂಘ ಬೇಡವೆಂದಿತು. ಮತ ಹಾಕಿದವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಬೇಕು ಎಂದರು.